ಬಣ್ಣ ವಿಂಗಡಿಸುವ ಆಟ: ಮನಸ್ಸಿಗೆ ವಿರಾಮವೋ, ಹೊಸ ತಲೆನೋವೋ?

ಗಿರಣಿ ಲೆಕ್ಕ (ಕಾರಟಗಿ)
ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವಳು ನಾನು. ಸುಗ್ಗಿ ಬಂತೆಂದರೆ ವೇಬ್ರಿಜ್ ಚೀಟಿ, ಹಮಾಲರ ಕೂಲಿ, ಭತ್ತದ ತೇವಾಂಶದ ಜಗಳ ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಸ್ವಲ್ಪ ಹೊತ್ತು ಮೊಬೈಲಿನಲ್ಲಿ ಬಣ್ಣ ವಿಂಗಡಿಸುವ ಆಟ ಆಡುವುದು ರೂಢಿಯಾಗಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪರದೆಯ ಮೇಲೆ ಗಾಜಿನ ಕೊಳವೆಗಳಿರುತ್ತವೆ. ಒಂದೊಂದರಲ್ಲಿ ಬಣ್ಣದ ನೀರಿನ ನಾಲ್ಕು ಪದರಗಳು, ಎಲ್ಲ ಕಲಸುಮೇಲೋಗರ. ಜೊತೆಗೆ ಸಾಮಾನ್ಯವಾಗಿ ಎರಡು ಖಾಲಿ ಕೊಳವೆಗಳು. ಮೇಲಿನ ಬಣ್ಣವನ್ನು ಅದೇ ಬಣ್ಣದ ಮೇಲೆ ಇಲ್ಲವೇ ಖಾಲಿ ಕೊಳವೆಗೆ ಮಾತ್ರ ಸುರಿಯಬಹುದು. ಪ್ರತಿ ಕೊಳವೆಯಲ್ಲಿ ಒಂದೇ ಬಣ್ಣ ನಿಂತರೆ ಆ ಹಂತ ಮುಗಿಯಿತು. ಗಡಿಯಾರವಿಲ್ಲ, ಎದುರಾಳಿಯಿಲ್ಲ.

ಇಷ್ಟು ದಿನ ಹಾಯಾಗಿತ್ತು. ಈಗ ಹಂತಗಳು ಬಿಗಿಯಾಗಿವೆ. ಸಿಕ್ಕಿಕೊಂಡ ಕೂಡಲೇ ‘ಇನ್ನೊಂದು ಕೊಳವೆ ಬೇಕೆ? ಜಾಹೀರಾತು ನೋಡಿ’ ಎನ್ನುತ್ತದೆ. ಹೆಚ್ಚುವರಿ ಕೊಳವೆ ಇಲ್ಲದೆ ಎಲ್ಲ ಹಂತಗಳನ್ನೂ ಬಿಡಿಸಲು ಸಾಧ್ಯವೇ, ಅಥವಾ ಜಾಹೀರಾತು ನೋಡಲಿ ಎಂದೇ ಕೆಲವನ್ನು ಬಿಡಿಸಲಾಗದಂತೆ ಕಟ್ಟಿರುತ್ತಾರೆಯೇ? ಇನ್ನೊಂದು ವಿಷಯ: ಮಲಗಿ ಕಣ್ಣು ಮುಚ್ಚಿದರೂ ಬಣ್ಣಗಳು ಸುರಿಯುತ್ತಲೇ ಇರುತ್ತವೆ. ಇದು ನನಗೊಬ್ಬಳಿಗೇ ಆಗುತ್ತಿದೆಯೇ?

ನಮ್ಮ ಮನೆಯವರ ಟೀಕೆ ಬೇರೆ: ‘ಹಗಲೆಲ್ಲ ಗಿರಣಿಯಲ್ಲಿ ಸಾರ್ಟೆಕ್ಸ್, ರಾತ್ರಿ ಮನೆಯಲ್ಲೂ ಸಾರ್ಟೆಕ್ಸ್!’

ಬಿಸಿಲೂರು (ಬಳ್ಳಾರಿ)
ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆಡಿ ಅಕ್ಕಾ. ಜಾಹೀರಾತು ಬರುವುದು ನೆಟ್ ಇದ್ದರೆ ತಾನೇ? ಅರ್ಧ ತಲೆನೋವು ಅಲ್ಲಿಗೇ ಹೋಯಿತು.

ಎಡದಂಡೆ (ಸಿಂಧನೂರು)
ಬಿಸಿಲೂರು ಅಣ್ಣ ಹೇಳಿದ್ದು ಸರಿ, ಆದರೆ ಜಾಹೀರಾತಿನ ಜೊತೆ ಹೆಚ್ಚುವರಿ ಕೊಳವೆಯೂ ಹೋಗುತ್ತದೆ. ಆಗ ಬುದ್ಧಿಯನ್ನೇ ಖರ್ಚು ಮಾಡಬೇಕು.

ನಾನು ಆಡುವ ಕ್ರಮ ಹೇಳುತ್ತೇನೆ. ಮೊದಲು ಯಾವುದನ್ನೂ ಮುಟ್ಟುವುದಿಲ್ಲ, ಕೊಳವೆಗಳ ತಳವನ್ನು ನೋಡುತ್ತೇನೆ. ಎಲ್ಲರೂ ತುದಿಯ ಬಣ್ಣ ನೋಡಿ ಸುರಿಯಲು ಶುರು ಮಾಡುತ್ತಾರೆ, ಅಲ್ಲಿಯೇ ಕೆಡುವುದು. ತಳದಲ್ಲಿ ಒಂದೇ ಬಣ್ಣ ಎರಡು ಪದರ ಕೂತಿದ್ದರೆ ಆ ಬಣ್ಣದ ಮನೆ ಅದೇ. ಅದರ ಮೇಲಿನದನ್ನು ತೆಗೆಯುವುದು ನಿಮ್ಮ ಕೆಲಸ.

ಈಗ ನಾಲ್ಕು ಕೊಳವೆಗಳ ತುದಿಯಲ್ಲಿ ಕೆಂಪು, ಹಸಿರು, ಕೆಂಪು, ನೀಲಿ ಇವೆ ಎಂದುಕೊಳ್ಳಿ. ಎರಡೂ ಕೆಂಪನ್ನು ಖಾಲಿ ಕೊಳವೆಗೆ ಸುರಿಯುವ ಆಸೆಯಾಗುತ್ತದೆ. ಸುರಿಯುವ ಮೊದಲೇ ಆ ಕೆಂಪುಗಳ ಕೆಳಗೆ ಏನಿದೆ ನೋಡಿ. ಹಸಿರೋ ನೀಲಿಯೋ ಇದ್ದರೆ ಅಲ್ಲಿಗೆ ಪಕ್ಕದ ಕೊಳವೆಯಿಂದ ಸುರಿಯಬಹುದು, ಸರಪಳಿ ಮುಂದುವರಿಯುತ್ತದೆ. ಎರಡೂ ಕಡೆ ಹೊಸ ಬಣ್ಣವೇ ಮೇಲೆ ಬಂದರೆ ಒಂದು ಖಾಲಿ ಕೊಳವೆ ಹೋಯಿತು, ಕೈಗೆ ಬಂದದ್ದು ಏನೂ ಇಲ್ಲ. ಎರಡನೆಯ ಖಾಲಿ ಕೊಳವೆಯನ್ನು ಮುಟ್ಟುವುದಕ್ಕೆ ಮೊದಲು, ಇನ್ನೊಂದು ಕೊಳವೆಯನ್ನು ಪೂರ್ತಿ ಬರಿದು ಮಾಡುವ ದಾರಿ ಕಂಡಿರಬೇಕು. ಇಲ್ಲದಿದ್ದರೆ ಮುಟ್ಟಬೇಡಿ.

ಸುಮ್ಮನೆ ಓದುವವ (ಕೊಪ್ಪಳ)
ವಿರಾಮಕ್ಕೆಂದು ಆಡುವ ಆಟಕ್ಕೆ ಇಷ್ಟೊಂದು ಲೆಕ್ಕಾಚಾರವೇ? ಸಿಂಧನೂರಿನವರು ನೀರಾವರಿ ಸಲಹಾ ಸಮಿತಿಯಲ್ಲಿ ಇರಬೇಕಾದವರು.

ಎಡದಂಡೆ (ಸಿಂಧನೂರು)
ಕಾಲುವೆಯ ಕೊನೆಯ ಭಾಗದ ರೈತ ನಾನು ಸಾಹೇಬರೇ. ಇದ್ದ ನೀರನ್ನು ಎಲ್ಲಿಗೆ ಬಿಡಬೇಕು ಎಂದು ಯೋಚಿಸುವುದು ನಮಗೆ ಹುಟ್ಟಿನಿಂದಲೇ ಬಂದಿದೆ.

ಸೀಮೆಸುಣ್ಣ (ಮಾನ್ವಿ)
ಗಣಿತ ಕಲಿಸುವವನು, ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ. ಬಣ್ಣಗಳನ್ನು ಮನಬಂದಂತೆ ತುಂಬಿ ಎರಡು ಖಾಲಿ ಕೊಳವೆ ಕೊಟ್ಟರೆ ಎಲ್ಲ ಜೋಡಣೆಗಳನ್ನೂ ಬಿಡಿಸಲು ಬರುತ್ತದೆ ಎಂಬ ಖಾತರಿ ಇಲ್ಲ. ಖಾತರಿ ಬೇಕಿದ್ದರೆ ಆಟ ಕಟ್ಟುವವರು ಎರಡು ದಾರಿ ಹಿಡಿಯಬಹುದು. ಬಿಡಿಸಿದ ಸ್ಥಿತಿಯಿಂದ ಹಿಮ್ಮುಖವಾಗಿ ಸರಿಸುತ್ತ ಕಲಸಬಹುದು. ಬಂದ ದಾರಿಯೇ ಉತ್ತರವಾಗುತ್ತದೆ. ಅಥವಾ ಮನಬಂದಂತೆ ಕಲಸಿ, ಕಂಪ್ಯೂಟರಿನಿಂದ ಬಿಡಿಸಿ ನೋಡಿ, ಬಂದವುಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಇದು ಮಾಡಿದವರ ಶ್ರದ್ಧೆಗೆ ಬಿಟ್ಟದ್ದು. ಎಲ್ಲರೂ ಮಾಡುತ್ತಾರೆ ಎಂದು ನಾನು ಹೇಳಲಾರೆ.

ಇನ್ನೊಂದು ಸ್ವಾರಸ್ಯ ಇದೆ. ಇದೇ ಆಟಕ್ಕೆ ಚೆಂಡುಗಳ ರೂಪವೂ ಇದೆ. ನೀರಿನಲ್ಲಿ ಒಂದೇ ಬಣ್ಣದ ಪದರಗಳು ಒಟ್ಟಿಗೆ ಹರಿಯುತ್ತವೆ, ಚೆಂಡುಗಳನ್ನು ಒಂದೊಂದಾಗಿ ಎತ್ತಬೇಕು. ನೋಡಿದರೆ ಚೆಂಡಿನ ಆಟದಲ್ಲಿ ಸ್ವಾತಂತ್ರ್ಯ ಹೆಚ್ಚು. ಆದರೆ 2022ರಲ್ಲಿ ಜಪಾನಿನ ಗಣಕ ವಿಜ್ಞಾನಿಗಳ ತಂಡವೊಂದು ತೋರಿಸಿದ್ದು ಏನೆಂದರೆ, ಒಂದು ಜೋಡಣೆ ಚೆಂಡಿನಲ್ಲಿ ಬಿಡಿಸಲು ಬಂದರೆ ನೀರಿನಲ್ಲೂ ಬರುತ್ತದೆ, ಅಲ್ಲಿ ಬಾರದಿದ್ದರೆ ಇಲ್ಲೂ ಬಾರದು. ಬಿಡಿಸಲು ಬರುತ್ತದೆಯೇ ಎಂದು ನಿರ್ಧರಿಸುವ ಸಮಸ್ಯೆ ‘ಎನ್‌ಪಿ-ಪೂರ್ಣ’ ಎಂಬ ಕಠಿಣ ಗುಂಪಿಗೆ ಸೇರಿದ್ದು ಎಂದೂ ಅವರು ಸಾಧಿಸಿದ್ದಾರೆ. ಯಾರಾದರೂ ಉತ್ತರ ಕೊಟ್ಟರೆ ಅದು ಸರಿಯೇ ಎಂದು ಬೇಗ ಪರೀಕ್ಷಿಸಬಹುದು. ಆದರೆ ಕೊಳವೆಗಳು ಹೆಚ್ಚುತ್ತ ಹೋದಂತೆ ಉತ್ತರವನ್ನು ಎಲ್ಲ ಸಂದರ್ಭದಲ್ಲೂ ಬೇಗ ಹುಡುಕಿಕೊಡುವ ವಿಧಾನ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ಕೊನೆಯ ಬಸ್ಸು (ಲಿಂಗಸುಗೂರು)
ಅಂದರೆ ನಮ್ಮ ಅತ್ತಿಗೆ ಅಡುಗೆಮನೆಯಲ್ಲಿ ಕೂತು ಬಿಡಿಸುತ್ತಿರುವುದು ಜಗತ್ತಿನ ಗಣಿತಜ್ಞರಿಗೂ ಬಗೆಹರಿಯದ ಸಮಸ್ಯೆ! ಹೇಳಬಾರದು, ಹೇಳಿದರೆ ನಾಳೆಯಿಂದ ರೊಟ್ಟಿ ಬಡಿಯುವುದಿಲ್ಲ.

ಸೀಮೆಸುಣ್ಣ (ಮಾನ್ವಿ)
ಅಷ್ಟು ದೂರ ಹೋಗಬೇಡಿ ಅಣ್ಣಾ. ಮೊಬೈಲಿನಲ್ಲಿ ಬರುವ ಹತ್ತು-ಹನ್ನೆರಡು ಕೊಳವೆಗಳ ಹಂತವನ್ನು ಕಂಪ್ಯೂಟರ್ ಸಾಮಾನ್ಯವಾಗಿ ತಡಮಾಡದೆ ಬಿಡಿಸುತ್ತದೆ. ಕೊಳವೆಗಳ ಸಂಖ್ಯೆಗೆ ಮಿತಿಯೇ ಇಲ್ಲದಿದ್ದಾಗ ಕಠಿಣ ಎಂಬುದು ಅದರ ಅರ್ಥ.

ಹೊಲಿಗೆ ಯಂತ್ರ (ಬಳ್ಳಾರಿ)
ಗಿರಣಿ ಅಕ್ಕನ ಮನೆಯವರ ಮಾತು ಓದಿ ನಗು ಬಂತು, ನಮ್ಮಲ್ಲೂ ಅದೇ ಕಥೆ. ಜೀನ್ಸ್ ಹೊಲಿಯುವ ಘಟಕದಲ್ಲಿ ಬಂಡಲ್ ಕಟ್ಟುವ ಕೆಲಸ ನನ್ನದು. ಒಂದೇ ನೀಲಿ ಎಂದು ನೀವು ಅಂದುಕೊಳ್ಳುವ ಬಟ್ಟೆಯಲ್ಲಿ ಥಾನಿನಿಂದ ಥಾನಿಗೆ ಶೇಡ್ ಬೇರೆ ಇರುತ್ತದೆ. ಅದಕ್ಕೇ ಕತ್ತರಿಸಿದ ಪ್ರತಿ ತುಂಡಿಗೂ ನಂಬರಿನ ಚೀಟಿ ಅಂಟಿಸುತ್ತೇವೆ. ಮುಂಭಾಗದ ತುಂಡು ಒಂದು ಥಾನಿನದು, ಹಿಂಭಾಗದ್ದು ಇನ್ನೊಂದರದು ಆಗಿಬಿಟ್ಟರೆ ಹೊಲಿಯುವಾಗ ಯಾರಿಗೂ ತಿಳಿಯುವುದಿಲ್ಲ. ವಾಷಿಂಗಿಗೆ ಹೋಗಿ ಬಂದ ಮೇಲೆ ಗುಟ್ಟು ಬಯಲಾಗುತ್ತದೆ: ಮುಂದೆ ಗಾಢ ನೀಲಿ, ಹಿಂದೆ ಮಾಸಲು. ಅಂಥ ಪ್ಯಾಂಟು ಸೆಕೆಂಡ್ಸ್ ರಾಶಿಗೆ.

ಹೀಗಿದ್ದೂ ಮನೆಗೆ ಬಂದು ಬಣ್ಣ ವಿಂಗಡಿಸುವ ಆಟವನ್ನೇ ಆಡುತ್ತೇನೆ. ಏಕೆಂದರೆ ಇಲ್ಲಿ ಹಿಂದಕ್ಕೆ ಹೋಗುವ ಗುಂಡಿ ಇದೆ. ಕತ್ತರಿ ಬಿದ್ದ ಬಟ್ಟೆಗೆ ಅದು ಎಲ್ಲಿದೆ?

ರಾತ್ರಿ ಪಾಳಿ (ಶಕ್ತಿನಗರ)
ಅಕ್ಕನ ಕೊನೆಯ ಮಾತಿಗೆ ನನ್ನದೊಂದು ನಮಸ್ಕಾರ.

ಕಣ್ಣು ಮುಚ್ಚಿದರೆ ಬಣ್ಣ ಕಾಣುತ್ತದೆ ಎಂದಿರಲ್ಲ, ಗಾಬರಿ ಬೇಡ. ಇದಕ್ಕೆ ‘ಟೆಟ್ರಿಸ್ ಪರಿಣಾಮ’ ಎನ್ನುತ್ತಾರೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಟೆಟ್ರಿಸ್ ರಚಿಸಿದರು. ಅದನ್ನು ಹೆಚ್ಚು ಆಡಿದವರಿಗೆ ನಿದ್ದೆ ಹತ್ತುವ ಹೊತ್ತಿನಲ್ಲಿ ಇಟ್ಟಿಗೆಗಳು ಬೀಳುತ್ತಿರುವಂತೆ ಕಾಣುತ್ತಿತ್ತು. 2000ದಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದಾಗ ಮರೆವಿನ ಕಾಯಿಲೆ ಇದ್ದವರನ್ನೂ ಆಡಿಸಿದ್ದರು. ಆಟ ಆಡಿದ್ದೇ ಆ ರೋಗಿಗಳಿಗೆ ನೆನಪಿರಲಿಲ್ಲ, ಆದರೂ ಅವರಲ್ಲಿ ಕೆಲವರಿಗೆ ಬೀಳುವ ಇಟ್ಟಿಗೆಗಳು ಕಂಡವು.

ಗಿರಣಿ ಲೆಕ್ಕ (ಕಾರಟಗಿ)
ಅಬ್ಬಾ, ನಾನೊಬ್ಬಳೇ ಅಲ್ಲ ಎಂದು ಸಮಾಧಾನವಾಯಿತು. ಆದರೆ ಸಿಕ್ಕಿಕೊಂಡ ಹಂತವೇ ಹೆಚ್ಚು ಕಾಡುತ್ತದೆ, ಮುಗಿಸಿದ್ದು ನೆನಪಿಗೂ ಬರುವುದಿಲ್ಲ.

ರಾತ್ರಿ ಪಾಳಿ (ಶಕ್ತಿನಗರ)
ಅದೂ ಹಳೆಯ ವಿಷಯ. 1927ರಲ್ಲಿ ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ, ಅರ್ಧಕ್ಕೆ ನಿಲ್ಲಿಸಿದ ಕೆಲಸ ಮುಗಿಸಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಪ್ರಕಟಿಸಿದರು.

ಸೀಮೆಸುಣ್ಣ (ಮಾನ್ವಿ)
ಅದನ್ನು ಕಲ್ಲಿನ ಮೇಲೆ ಕೆತ್ತಿದಂತೆ ಹೇಳುವುದು ಬೇಡ. ನಂತರ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ.

ರಾತ್ರಿ ಪಾಳಿ (ಶಕ್ತಿನಗರ)
ಮಾಸ್ತರು ಇಲ್ಲಿಯೂ ಕೆಂಪು ಶಾಯಿ ತಂದಿದ್ದಾರೆ.

ಕೊನೆಯ ಬಸ್ಸು (ಲಿಂಗಸುಗೂರು)
ಯಾರಿಗೂ ಬೇಸರವಾಗಬಾರದು, ಆದರೂ ಹೇಳುತ್ತೇನೆ. ಮೊಬೈಲಿನಲ್ಲಿ ವಿರಾಮ ಎಂಬುದೇ ಸುಳ್ಳು. ಪರದೆ ನೋಡುವಾಗ ಕಣ್ಣು ಮಿಟುಕಿಸುವುದೇ ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ, ನಿದ್ದೆ ಮುಂದಕ್ಕೆ ಹೋಗುತ್ತದೆ. ಊಟ ಮುಗಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರ ಜೊತೆ ಮಾತನಾಡಿ, ಅದು ವಿರಾಮ. ನಮ್ಮ ಹಿರಿಯರು ಯಾವ ಕೊಳವೆ ಸುರಿದು ನೆಮ್ಮದಿ ಕಂಡಿದ್ದರು?

ಹೊಲಿಗೆ ಯಂತ್ರ (ಬಳ್ಳಾರಿ)
ಅಣ್ಣಾ, ರಾತ್ರಿ ಒಂಬತ್ತಕ್ಕೆ ಆ ಕಟ್ಟೆಯ ಮೇಲೆ ನಮಗೆ ಜಾಗ ಎಲ್ಲಿದೆ? ನಿಮ್ಮ ಹಿರಿಯರು ಎಂದರೆ ಗಂಡಸರು. ಹಿರಿಯ ಹೆಂಗಸರು ಆ ಹೊತ್ತಿನಲ್ಲಿ ಮರುದಿನದ ಜೋಳ ಹಸನು ಮಾಡುತ್ತಿದ್ದರು. ನಾನು ಹೊರಗೆ ಹೋಗಿ ಕುಳಿತರೆ ‘ಏಕೆ, ಮನೆಯಲ್ಲಿ ಏನಾಯಿತು?’ ಎಂದು ಕೇಳುವವರು ನಾಲ್ಕು ಜನ. ಮೊಬೈಲ್ ಹಿಡಿದು ಗೋಡೆಗೆ ಒರಗಿದರೆ ಯಾರೂ ಏನೂ ಕೇಳುವುದಿಲ್ಲ. ಸಿಗುವ ಅಷ್ಟು ಹೊತ್ತಿನಲ್ಲಿ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬುದೇ ನನಗೆ ಮುಖ್ಯ. ಬಣ್ಣವೋ ನೀರೋ, ಅದು ಆಮೇಲಿನ ಮಾತು.

ಅಜ್ಜನ ಮೊಮ್ಮಗಳು (ಗಂಗಾವತಿ)
👏 ಇದಕ್ಕೆ ಲಿಂಗಸುಗೂರಿನ ಕೊನೆಯ ಬಸ್ಸು ಏನು ಹೇಳುತ್ತದೆ ನೋಡೋಣ.

ಕೊನೆಯ ಬಸ್ಸು (ಲಿಂಗಸುಗೂರು)
ತಂಗಿ ಹೇಳಿದ್ದಕ್ಕೆ ನನ್ನ ಬಳಿ ಉತ್ತರವಿಲ್ಲ. ಕಣ್ಣಿನ ಮಾತನ್ನು ಮಾತ್ರ ಬಿಡುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರೇ ಹೇಳುತ್ತಾರೆ.

ಅದಿರಲಿ, ಈ ಸಾರ್ಟೆಕ್ಸ್ ಎಂದರೇನು? ಅಕ್ಕಿ ಚೀಲದ ಮೇಲೆ ಓದಿದ್ದೇನೆ, ಯಾರನ್ನೂ ಕೇಳಿರಲಿಲ್ಲ.

ಅಜ್ಜನ ಮೊಮ್ಮಗಳು (ಗಂಗಾವತಿ)
ಅಣ್ಣಾ, ಗಂಗಾವತಿ-ಕಾರಟಗಿ ಕಡೆ ಇದನ್ನು ಕೇಳಿದರೆ ಊರಿಗೆ ಹೊಸಬರು ಎಂದು ತಿಳಿಯುತ್ತಾರೆ! ಅಕ್ಕಿಯನ್ನು ಬಣ್ಣ ನೋಡಿ ವಿಂಗಡಿಸುವ ಯಂತ್ರ ಅದು. ಮೇಲಿನ ಹಾಪರಿನಿಂದ ಅಕ್ಕಿ ಅದುರುತ್ತ ಬಂದು ಇಳಿಜಾರು ಕಾಲುವೆಗಳಲ್ಲಿ ತೆಳ್ಳಗೆ ಜಾರುತ್ತದೆ. ಕೆಳಗೆ ಬೀಳುವ ಕ್ಷಣದಲ್ಲಿ ಎರಡೂ ಬದಿಯಿಂದ ಬೆಳಕು, ಕ್ಯಾಮೆರಾ. ಕಪ್ಪು ಚುಕ್ಕೆಯ ಕಾಳೋ ಹಳದಿ ತಿರುಗಿದ ಕಾಳೋ ಕಂಡರೆ ಕಂಪ್ರೆಸರಿನ ಗಾಳಿ ಸಣ್ಣ ರಂಧ್ರದಿಂದ ಚಿಮ್ಮಿ ಅದೊಂದನ್ನು ಪಕ್ಕಕ್ಕೆ ಹೊಡೆಯುತ್ತದೆ. ಹತ್ತಿರ ನಿಂತರೆ ‘ಟಕಟಕಟಕ’ ಎಂಬ ಸದ್ದು. ತಿರಸ್ಕೃತ ಅಕ್ಕಿ ಬೇರೆ ಚೀಲಕ್ಕೆ ಹೋಗುತ್ತದೆ, ಅದನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕುವುದೂ ಉಂಟು, ಏಕೆಂದರೆ ಗಾಳಿಯ ಹೊಡೆತಕ್ಕೆ ಒಳ್ಳೆಯ ಕಾಳುಗಳೂ ಜೊತೆಗೆ ಹಾರಿರುತ್ತವೆ. ನಮ್ಮ ಅಜ್ಜನ ಕಾಲದಲ್ಲಿ ಈ ಕೆಲಸವನ್ನು ಮೊರ ಹಿಡಿದ ಹೆಂಗಸರು ಮಾಡುತ್ತಿದ್ದರು.

ಎಡದಂಡೆ (ಸಿಂಧನೂರು)
ಸಾರ್ಟೆಕ್ಸ್ ಮಾಡಿದ ಅಕ್ಕಿಗೆ ಬೆಲೆ ಹೆಚ್ಚು, ಭತ್ತ ಬೆಳೆದವನಿಗೆ ಮಾತ್ರ ಅದೇ ಬೆಲೆ. ಇದನ್ನು ಯಾವ ಯಂತ್ರ ವಿಂಗಡಿಸುತ್ತದೆ?

ಗಿರಣಿ ಲೆಕ್ಕ (ಕಾರಟಗಿ)
ಅಣ್ಣಾ, ಆ ಪ್ರಶ್ನೆಯನ್ನು ದಯವಿಟ್ಟು ಲೆಕ್ಕ ಬರೆಯುವವಳಿಗೆ ಕೇಳಬೇಡಿ. ನಾವು ಆಟಕ್ಕೆ ಮರಳೋಣವೇ?

ಬಣ್ಣದ ಕುಂಚ (ಕಿನ್ನಾಳ)
ಗೊಂಬೆಗೆ ಬಣ್ಣ ಹಚ್ಚುವ ಮನೆತನದವನಿಗೆ ಈ ಆಟ ನೋಡಿದರೆ ಮೈ ಉರಿಯುತ್ತದೆ. ಕೆಂಪಿನ ಮೇಲೆ ಹಸಿರು ನೀರು ಸುರಿದರೆ ಗೆರೆ ಎಳೆದಂತೆ ನಿಲ್ಲುತ್ತದೆಯೇ? ಕೆಸರಾಗುತ್ತದೆ!

ನಮ್ಮಲ್ಲಿ ಬಣ್ಣಕ್ಕೆ ಮೊದಲು ಎಷ್ಟು ಕೆಲಸ ಗೊತ್ತೇ? ಹಗುರ ಮರ ಕೆತ್ತಿ ತುಂಡುಗಳನ್ನು ಜೋಡಿಸಬೇಕು. ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ‘ಕಿಟ್ಟ’ ಅರೆದು ಸಂದುಗಳಿಗೆ ತುಂಬಬೇಕು. ಅದು ಒಣಗಬೇಕು, ಬಿಳಿ ಲೇಪ ಬೀಳಬೇಕು, ಆಮೇಲೆ ಕುಂಚ. ಒಂದು ಬಣ್ಣ ಒಣಗದೆ ಇನ್ನೊಂದನ್ನು ಮುಟ್ಟಿಸುವ ಹಾಗಿಲ್ಲ. ಮಕ್ಕಳು ಬೆರಳಿನಿಂದ ಸುರಿದು ‘ಗೆದ್ದೆ’ ಎನ್ನುತ್ತಾರೆ.

ಸುಮ್ಮನೆ ಓದುವವ (ಕೊಪ್ಪಳ)
ಕಲಾವಿದರೇ, ಆಟ ಆಟವಷ್ಟೇ. ಚದುರಂಗದ ಕುದುರೆ ಎಲ್ಲಿಯಾದರೂ ಹುಲ್ಲು ತಿಂದಿದೆಯೇ?

ಸೀಮೆಸುಣ್ಣ (ಮಾನ್ವಿ)
ಕಿನ್ನಾಳದವರಿಗೆ ಒಂದು ಸಮಾಧಾನ: ಪದರಗಳು ನಿಲ್ಲುವುದು ಪೂರ್ತಿ ಸುಳ್ಳಲ್ಲ. ನಾಲ್ಕು ಲೋಟ ನೀರಿಗೆ ಬೇರೆಬೇರೆ ಪ್ರಮಾಣದಲ್ಲಿ ಸಕ್ಕರೆ ಕರಗಿಸಿ, ಒಂದೊಂದಕ್ಕೂ ಒಂದು ಬಣ್ಣ ಹಾಕಿ. ಹೆಚ್ಚು ಸಕ್ಕರೆಯದನ್ನು ಮೊದಲು ಗಾಜಿನ ಲೋಟಕ್ಕೆ ಹಾಕಿ, ಉಳಿದವನ್ನು ಸಕ್ಕರೆ ಕಡಿಮೆಯಾಗುವ ಕ್ರಮದಲ್ಲಿ ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಸಿದರೆ ಪದರಗಳು ಸ್ವಲ್ಪ ಹೊತ್ತು ಬೇರೆಬೇರೆಯಾಗಿಯೇ ನಿಲ್ಲುತ್ತವೆ. ಸಾಂದ್ರತೆಯ ಪಾಠಕ್ಕೆ ಇದನ್ನೇ ಮಾಡಿಸುತ್ತೇನೆ.

ಆಟವನ್ನೂ ಮೊಬೈಲ್ ಇಲ್ಲದೆ ಆಡಿಸಿದ್ದೇನೆ. ಸೋಡಾ, ತಂಪು ಪಾನೀಯದ ಬಾಟಲಿ ಮುಚ್ಚಳಗಳನ್ನು ಅಂಗಡಿಗಳಿಂದ ಮಕ್ಕಳೇ ತಂದರು. ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಮನೆಗಳನ್ನು ಎಳೆದು, ಮನೆಗೆ ನಾಲ್ಕು ಮುಚ್ಚಳ, ಕೊನೆಗೆ ಎರಡು ಖಾಲಿ ಮನೆ. ತುದಿಯ ಮುಚ್ಚಳವನ್ನು ಮಾತ್ರ ಎತ್ತಬೇಕು. ಮೊಬೈಲಿನಲ್ಲಿ ಒಬ್ಬನೇ ಆಡುತ್ತಾನೆ, ಇಲ್ಲಿ ಒಬ್ಬ ಎತ್ತಿದರೆ ಆರು ಜನ ‘ಅದಲ್ಲ, ಅದಲ್ಲ’ ಎಂದು ಕಿರುಚುತ್ತಾರೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಕಿರುಚದೆ, ಪ್ರತಿ ಮನೆಯ ತಳದ ಮುಚ್ಚಳ ಯಾವುದು ಎಂದು ಪಾಟಿಯ ಮೇಲೆ ಬರೆದುಕೊಂಡು ಬಂದಳು. ಸಿಂಧನೂರಿನ ಅಣ್ಣನ ಸೂತ್ರವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಿಸಿಲೂರು (ಬಳ್ಳಾರಿ)
ಮಾಸ್ತರೇ, ಇಂಥ ಶಾಲೆಗೆ ನಮ್ಮನ್ನೇಕೆ ಸೇರಿಸಲಿಲ್ಲವೋ!

ಇದೇನು ಹೊಸದಲ್ಲ ಬಿಡಿ. ಹಂಪಿಯ ಮಂಟಪಗಳ ಕಲ್ಲು ಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಈಗಲೂ ನೋಡಬಹುದು. ನಮ್ಮ ಬಳ್ಳಾರಿ ಜಿಲ್ಲೆಯವರು ಆಗಲೇ ಕಲ್ಲಿನ ಮೇಲೆ ಆಡುತ್ತಿದ್ದರು.

ಸುಮ್ಮನೆ ಓದುವವ (ಕೊಪ್ಪಳ)
ಹಂಪಿ ಈಗ ವಿಜಯನಗರ ಜಿಲ್ಲೆ. 2021ರಲ್ಲಿಯೇ ಬೇರೆಯಾಗಿದೆ.

ಬಿಸಿಲೂರು (ಬಳ್ಳಾರಿ)
ಕಲ್ಲು ಕೊರೆದವರಿಗೆ ಅದು ಗೊತ್ತಿರಲಿಲ್ಲ.

ಅಜ್ಜನ ಮೊಮ್ಮಗಳು (ಗಂಗಾವತಿ)
ಹೊಳೆ ದಾಟಿದರೆ ಆನೆಗೊಂದಿ, ಅದು ನಮ್ಮ ಕೊಪ್ಪಳ ಜಿಲ್ಲೆ. ಹಂಪಿಗಾಗಿ ಜಗಳವಾಡುವವರು ಆಡುತ್ತಿರಲಿ. ಅಜ್ಜಿ ನನಗೆ ಕಲಿಸಿದ್ದು ಅಳಗುಳಿ ಮಣೆ: ಎರಡು ಸಾಲಿನಲ್ಲಿ ಏಳೇಳು ಗುಳಿ, ಹುಣಸೆ ಬೀಜ. ಅಲ್ಲಿಯೂ ಕೈಯಲ್ಲಿ ಇರುವುದನ್ನು ಎಲ್ಲಿ ಸುರಿದರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಎಣಿಸಬೇಕು. ಅಜ್ಜಿ ಕಣ್ಣಿನಲ್ಲೇ ಎಣಿಸಿಬಿಡುತ್ತಿದ್ದರು, ನಾನು ಬೆರಳು ಇಟ್ಟು ಎಣಿಸಿದರೆ ಬೈಯುತ್ತಿದ್ದರು.

ಹೆಸರು ಬೇಡ (ದೇವದುರ್ಗ)
ಬಹಳ ದಿನಗಳಿಂದ ಕೇಳಬೇಕೆಂದಿದ್ದೆ. ಈ ಆಟದಲ್ಲಿ ನನಗೆ ಹಸಿರು ಮತ್ತು ಕಂದು, ನೀಲಿ ಮತ್ತು ನೇರಳೆ ಒಂದೇ ಥರ ಕಾಣುತ್ತವೆ. ತಂಗಿ ಸಲೀಸಾಗಿ ಬಿಡಿಸುವ ಹಂತ ನನಗೆ ಆಗುವುದಿಲ್ಲ. ಮೊಬೈಲಿನ ದೋಷವೋ, ನನ್ನದೋ?

ರಾತ್ರಿ ಪಾಳಿ (ಶಕ್ತಿನಗರ)
ತಂಗಿ ಅದೇ ಮೊಬೈಲಿನಲ್ಲಿ ಬಿಡಿಸುತ್ತಾಳೆಯೇ? ಹಾಗಿದ್ದರೆ ಮೊಬೈಲಿನ ದೋಷವಲ್ಲ. ಕೆಂಪು-ಹಸಿರು ಗುರುತಿಸುವ ತೊಂದರೆ ಹೆಚ್ಚಾಗಿ ಹುಟ್ಟಿನಿಂದ ಬರುತ್ತದೆ. ಅದರ ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಅಪರೂಪ. ಕಣ್ಣಿನ ವೈದ್ಯರ ಬಳಿ ಇಶಿಹಾರ ಫಲಕಗಳಿರುತ್ತವೆ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದಿಸುತ್ತಾರೆ. ಜಪಾನಿನ ವೈದ್ಯರು 1917ರಲ್ಲಿ ಹೊರತಂದ ಪರೀಕ್ಷೆ ಅದು, ಇಂದಿಗೂ ನಡೆಯುತ್ತಿದೆ. ಒಮ್ಮೆ ತೋರಿಸಿಕೊಳ್ಳಿ. ಲೋಕೋ ಪೈಲಟ್ ಥರದ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆಯಿದ್ದರೆ ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು, ಅಲ್ಲಿ ಬಣ್ಣದ ದೃಷ್ಟಿ ಕಡ್ಡಾಯ.

ಹೊಲಿಗೆ ಯಂತ್ರ (ಬಳ್ಳಾರಿ)
ಇನ್ನೊಂದು ಪರೀಕ್ಷಿಸಿ ತಮ್ಮಾ. ರಾತ್ರಿ ಹೊತ್ತು ಪರದೆ ಹಳದಿಗೆ ತಿರುಗುವ ಸೌಕರ್ಯವನ್ನು ಹಾಕಿಕೊಂಡಿದ್ದೀರಾ? ಅದರಲ್ಲಿ ನೀಲಿ ಬೆಳಕು ಕಡಿಮೆಯಾಗುವುದರಿಂದ ನೀಲಿ-ನೇರಳೆ ಎಲ್ಲರಿಗೂ ಗೊಂದಲವೇ. ನಾನು ಆಟದ ಹೊತ್ತಿನಲ್ಲಿ ಅದನ್ನು ಆರಿಸುತ್ತೇನೆ.

ಹೆಸರು ಬೇಡ (ದೇವದುರ್ಗ)
ಅಕ್ಕಾ, ಅದು ಹಾಕಿಯೇ ಇತ್ತು! ಆರಿಸಿದ ಮೇಲೆ ನೀಲಿ-ನೇರಳೆ ಬೇರೆಯಾದವು. ಹಸಿರು-ಕಂದು ಮಾತ್ರ ಹಾಗೆಯೇ ಇವೆ. ವೈದ್ಯರಿಗೆ ತೋರಿಸುತ್ತೇನೆ.

ಸೀಮೆಸುಣ್ಣ (ಮಾನ್ವಿ)
ಕೆಲವು ಆಟಗಳಲ್ಲಿ ಬಣ್ಣದ ಜೊತೆಗೆ ನಕ್ಷತ್ರ, ತ್ರಿಕೋನ, ಗೆರೆಗಳಂಥ ಗುರುತು ತೋರಿಸುವ ಆಯ್ಕೆ ಇರುತ್ತದೆ, ಆಟದ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಅದಿಲ್ಲದಿದ್ದರೆ ಆಂಡ್ರಾಯ್ಡ್ ಮೊಬೈಲಿನ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಬಣ್ಣ ತಿದ್ದುಪಡಿ ಇದೆ, ಕೆಂಪು-ಹಸಿರಿಗೆ ಬೇರೆಬೇರೆ ಆಯ್ಕೆಗಳಿವೆ. ಯಾವುದರಲ್ಲಿ ಸ್ಪಷ್ಟವಾಗಿ ಕಾಣುತ್ತದೆಯೋ ಅದನ್ನು ಇಟ್ಟುಕೊಳ್ಳಿ.

ಎಡದಂಡೆ (ಸಿಂಧನೂರು)
ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೆಳಗಿನ ಪದರ ಮುಚ್ಚಿಡುವ ಹಂತಗಳ ಬಗ್ಗೆ ಯಾರೂ ಮಾತನಾಡಲಿಲ್ಲ. ಅಲ್ಲಿ ನನ್ನ ತಳ ನೋಡುವ ವಿದ್ಯೆ ನಡೆಯುವುದಿಲ್ಲ. ಮೊದಲ ಸಲ ಸೋಲಲೆಂದೇ ಆಡಬೇಕು: ಎಲ್ಲ ತೆರೆದು ನೋಡಿ, ನೆನಪಿಟ್ಟುಕೊಂಡು, ಮತ್ತೆ ಮೊದಲಿನಿಂದ. ನನಗೆ ಅದು ಆಟವೇ ಅಲ್ಲ ಎನ್ನಿಸುತ್ತದೆ, ಲಾಟರಿ.

ಅಜ್ಜನ ಮೊಮ್ಮಗಳು (ಗಂಗಾವತಿ)
ನನಗೆ ಅವೇ ಇಷ್ಟ. ಎಲ್ಲವೂ ಕಂಡರೆ ಮಜಾ ಏನಿದೆ?

ರಾತ್ರಿ ಪಾಳಿ (ಶಕ್ತಿನಗರ)
ಲಾಟರಿ ಎಂದ ಕೂಡಲೇ ನೆನಪಾಯಿತು. ‘ಬಣ್ಣ ವಿಂಗಡಿಸಿ, ದಿನಕ್ಕೆ ಸಾವಿರ ಗಳಿಸಿ’ ಎಂಬ ಜಾಹೀರಾತು ಬಂದರೆ ಒತ್ತಬೇಡಿ. ಪರದೆಯ ಮೇಲೆ ನಾಣ್ಯ ಸೇರುತ್ತಲೇ ಇರುತ್ತದೆ, ಹಣ ತೆಗೆಯಲು ಹೋದರೆ ಇನ್ನೊಂದು ಷರತ್ತು, ಮತ್ತೊಂದು ಷರತ್ತು. ನಮ್ಮ ಕಾಲೊನಿಯ ಹುಡುಗನೊಬ್ಬ ‘ಶುಲ್ಕ’ ಎಂದು ಕೈಯಿಂದಲೇ ಯುಪಿಐ ಮಾಡಿ ಕೂತಿದ್ದ.

ಸುಮ್ಮನೆ ಓದುವವ (ಕೊಪ್ಪಳ)
ಆನ್‌ಲೈನ್ ಆಟಗಳನ್ನೆಲ್ಲ ಸರ್ಕಾರ ನಿಷೇಧಿಸಿತಲ್ಲ? ಇವು ಹೇಗೆ ಉಳಿದವು?

ರಾತ್ರಿ ಪಾಳಿ (ಶಕ್ತಿನಗರ)
ಎಲ್ಲವನ್ನೂ ಅಲ್ಲ. ಆಗಸ್ಟ್ 2025ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಬಗ್ಗೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ, ಅವುಗಳ ಜಾಹೀರಾತೂ ಅಪರಾಧ. ಸುಮ್ಮನೆ ಬಣ್ಣ ಸುರಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಗಿರಣಿ ಲೆಕ್ಕ (ಕಾರಟಗಿ)
ಒಮ್ಮೆ ಹಣ ಕೊಟ್ಟರೆ ಜಾಹೀರಾತು ಶಾಶ್ವತವಾಗಿ ತೆಗೆಯುತ್ತೇವೆ ಎಂದು ನನ್ನ ಆಟದಲ್ಲಿ ತೋರಿಸುತ್ತಿದೆ. ಕೊಡಬಹುದೇ?

ಕೊನೆಯ ಬಸ್ಸು (ಲಿಂಗಸುಗೂರು)
ಆಟಕ್ಕೆ ದುಡ್ಡೇ? ಶಿವಶಿವಾ.

ಬಿಸಿಲೂರು (ಬಳ್ಳಾರಿ)
ಸಂಜೆ ಮಂಡಕ್ಕಿ-ಮಿರ್ಚಿಗೆ ಕೊಡುವುದಿಲ್ಲವೇ ಅಣ್ಣಾ, ಅದೂ ಅರ್ಧ ಗಂಟೆಯ ಸುಖವೇ. ಮಾಡಿದವರಿಗೂ ಹೊಟ್ಟೆ ಇದೆ. ಕೊಡಿ ಅಕ್ಕಾ, ಆದರೆ ಒತ್ತುವ ಮೊದಲು ಓದಿ. ‘ಒಮ್ಮೆ ಮಾತ್ರ’ ಎಂದಿದ್ದರೆ ಸರಿ. ‘ಮೂರು ದಿನ ಉಚಿತ’ ಎಂದು ದೊಡ್ಡ ಅಕ್ಷರ, ಆಮೇಲೆ ವಾರಕ್ಕೆ ಇಷ್ಟು ಎಂದು ಇರುವೆ ಅಕ್ಷರದಲ್ಲಿದ್ದರೆ ಮುಟ್ಟಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಪ್ಲೇ ಸ್ಟೋರಿನಲ್ಲಿ ಹೊಂದಿಸಿ. ಇನ್ನೂ ಒಂದು: ಬಣ್ಣ ಸುರಿಯುವ ಆಟಕ್ಕೆ ನಿಮ್ಮ ಸಂಪರ್ಕಗಳ ಪಟ್ಟಿ, ಮೈಕ್ ಯಾವುದೂ ಬೇಕಿಲ್ಲ. ಕೇಳಿದರೆ ‘ಇಲ್ಲ’ ಎನ್ನಿ.

ಗಿರಣಿ ಲೆಕ್ಕ (ಕಾರಟಗಿ)
ಓದಿದೆ, ‘ವಾರಕ್ಕೆ’ ಎಂದೇ ಇದೆ. ಕೊಡುವುದಿಲ್ಲ. ಏರೋಪ್ಲೇನ್ ಮೋಡ್ ಹಾಕಿದರೆ ‘ನೆಟ್ ಸಂಪರ್ಕ ಇಲ್ಲ’ ಎಂದು ಆಟ ತೆರೆಯುವುದೇ ಇಲ್ಲ, ಈಗೇನು ಮಾಡಲಿ?

ಎಡದಂಡೆ (ಸಿಂಧನೂರು)
ಅದನ್ನು ತೆಗೆದುಹಾಕಿ ಅಕ್ಕಾ. ನೆಟ್ ಇಲ್ಲದೆ ನಡೆಯುವವು ಬೇಕಾದಷ್ಟಿವೆ. ನಿಯಮ ಎಲ್ಲದರಲ್ಲೂ ಒಂದೇ, ಬಾಟಲಿಯ ಆಕಾರವಷ್ಟೇ ಬೇರೆ.

ಹೊಲಿಗೆ ಯಂತ್ರ (ಬಳ್ಳಾರಿ)
ನಾನು ಆಡುವುದು ನೆಟ್ ಇಲ್ಲದೆಯೇ ತೆರೆಯುತ್ತದೆ. ಹೆಸರನ್ನು ನಿಮಗೆ ಸಂದೇಶದಲ್ಲಿ ಕಳಿಸಿದ್ದೇನೆ ಅಕ್ಕಾ. ಶುರುವಿನ ಹಂತಗಳು ತೀರಾ ಸುಲಭ, ಬೇಸರ ಮಾಡಿಕೊಳ್ಳದೆ ದಾಟಿ.